ಜೋಲಿಯಲ್ಲಿ ಚಳಿ ಏರುವುದು ಕೆಳಗಿನಿಂದ

ಅಕ್ಟೋಬರ್ ಕೊನೆಯ ವಾರ. ನಾರ್ತ್ ಕೆರೊಲೈನಾದ ಪಿಸ್ಗಾ ಕಾಡಿನಲ್ಲಿ ಎರಡು ಟ್ಯೂಲಿಪ್ ಪಾಪ್ಲರ್ ಮರಗಳ ನಡುವೆ ಹ್ಯಾಮಕ್ ಕಟ್ಟಿ, ಸ್ಲೀಪಿಂಗ್ ಬ್ಯಾಗಿನೊಳಗೆ ನುಸುಳಿ ಮಲಗಿದ್ದೆ. ಬ್ಯಾಗಿನ ಲೇಬಲ್ ಮೇಲೆ 20 ಡಿಗ್ರಿ ಫ್ಯಾರನ್‌ಹೀಟ್ ಎಂದಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು ಮೈನಸ್ 7 ಸೆಲ್ಸಿಯಸ್. ಆ ರಾತ್ರಿ ಥರ್ಮಾಮೀಟರ್ 5ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಅಂದರೆ ನಾನು ಬೆವರಬೇಕಿತ್ತು. ಬೆವರಿದ್ದೂ ನಿಜವೇ, ಎದೆಯ ಮೇಲೆ. ಬೆನ್ನು ಮಾತ್ರ ತಣ್ಣೀರಿನಲ್ಲಿ ಅದ್ದಿಟ್ಟ ಹಾಗಿತ್ತು. ಮಗ್ಗುಲು ಬದಲಿಸಿದರೆ ಚಳಿಯೂ ಮಗ್ಗುಲು ಬದಲಿಸುತ್ತಿತ್ತು. ರಾತ್ರಿ ಎರಡರ ಹೊತ್ತಿಗೆ ಸೋಲೊಪ್ಪಿ, ಬ್ಯಾಗ್ ಸಮೇತ ಕಾರಿಗೆ ಹೋಗಿ ಮಲಗಿದೆ.

ಬ್ಯಾಗಿನ ತಪ್ಪೇನೂ ಇರಲಿಲ್ಲ. ನಾನು ಗದಗ ಕಡೆಯವನು, ಹೊರಸಿನ ಮೇಲೆ ಮಲಗಿ ಬೆಳೆದವನು, ಇಷ್ಟು ನನಗೆ ಮೊದಲೇ ಹೊಳೆಯಬೇಕಿತ್ತು. ಬೇಸಿಗೆಯಲ್ಲಿ ಹೊರಸನ್ನು ಅಂಗಳಕ್ಕೆ ತಂದು ಹಾಕುವುದು ಯಾಕೆ? ಹೆಣೆದ ಹಗ್ಗದ ಸಂದಿನಲ್ಲಿ ಕೆಳಗಿನಿಂದ ಗಾಳಿ ಆಡುತ್ತದೆ, ಬೆನ್ನು ತಂಪಾಗುತ್ತದೆ. ಮಾಗಿಯ ಚಳಿಯಲ್ಲಿ ಅದೇ ಹೊರಸಿನ ಮೇಲೆ ಮಲಗುವವರು ಮೊದಲು ದಪ್ಪ ಕೌದಿಯನ್ನು ಹಾಸಿಕೊಳ್ಳುತ್ತಾರೆ, ಹೊದೆಯುವ ಮಾತು ಆಮೇಲಿನದು. ಬಾಣಂತಿಗೆ ಕಾಸಬೇಕೆಂದರೆ ಕೆಂಡದ ಅಗ್ಗಿಷ್ಟಿಕೆಯನ್ನು ಹೊರಸಿನ ಕೆಳಗೇ ಇಡುತ್ತಾರೆ. ತೂಗುವ ಹಾಸಿಗೆಯಲ್ಲಿ ಬಿಸಿ ಸೋರುವುದು ಯಾವ ಕಡೆಯಿಂದ ಎಂಬುದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಹ್ಯಾಮಕ್ ಎಂದರೆ ನಾಲ್ಕು ಕಾಲಿಲ್ಲದ ಹೊರಸು, ಇಲ್ಲವೇ ದೊಡ್ಡವರ ಜೋಲಿ. ಅಮೆರಿಕದ ಹ್ಯಾಮಕ್ ಮಂದಿ ಈ ಬೆನ್ನಿನ ಚಳಿಗೆ ತಮ್ಮದೇ ಒಂದು ತಮಾಷೆಯ ಹೆಸರು ಇಟ್ಟುಕೊಂಡಿದ್ದಾರೆ. ಅದರಲ್ಲಿ ಹೇಳಿರುವುದು ಬೆನ್ನಿಗಿಂತ ಒಂದಿಷ್ಟು ಕೆಳಗಿನ ಅಂಗ, ಅಷ್ಟು ಸಾಕು.

ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯೊಳಗೆ ಕದಲದೆ ನಿಂತ ಗಾಳಿ. ಹೆಬ್ಬಾತಿನ ಎದೆಯ ತುಪ್ಪುಳವಾಗಲಿ, ಪಾಲಿಯೆಸ್ಟರ್ ನಾರಾಗಲಿ, ಮಾಡುವ ಕೆಲಸ ಒಂದೇ, ಗಾಳಿಯನ್ನು ಸಣ್ಣ ಸಣ್ಣ ಗೂಡುಗಳಲ್ಲಿ ಹಿಡಿದಿಡುವುದು. ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿದಾಗ ಮೈಮೇಲಿನ ಭಾಗ ಉಬ್ಬಿಕೊಂಡು ನಿಲ್ಲುತ್ತದೆ. ಮೈ ಕೆಳಗಿನದು ನಮ್ಮ ಭಾರಕ್ಕೆ ಹಪ್ಪಳವಾಗುತ್ತದೆ. ಗಾಳಿ ಹೋಯಿತು ಎಂದರೆ ಅಲ್ಲಿ ಉಳಿದದ್ದು ಎರಡು ಪದರ ನೈಲಾನ್ ಅಷ್ಟೆ. ನೆಲದ ಮೇಲೆ ಟೆಂಟಿನಲ್ಲಿ ಮಲಗಿದರೂ ಇದೇ ಆಗುತ್ತದೆ. ಆದರೆ ಅಲ್ಲಿ ಎಲ್ಲರೂ ಅಡಿಗೆ ಮ್ಯಾಟ್ ಹಾಕಿರುತ್ತಾರೆ, ಆದ್ದರಿಂದ ಗೊತ್ತಾಗುವುದಿಲ್ಲ. ಬ್ಯಾಗಿನ ಲೇಬಲ್ಲಿನ ಅಂಕಿಯೂ ಮ್ಯಾಟನ್ನು ನಂಬಿಯೇ ಬಂದದ್ದು. ಐಎಸ್ಒ 23537 ಎಂಬ ಮಾನಕದ ಪ್ರಕಾರ ಪ್ರಯೋಗಾಲಯದಲ್ಲಿ ಬ್ಯಾಗಿನೊಳಗೆ ಬಿಸಿ ಮಾಡಿದ ಮನುಷ್ಯಾಕಾರದ ಗೊಂಬೆಯನ್ನು ಮಲಗಿಸಿ ಅಳೆಯುತ್ತಾರೆ. ಆ ಗೊಂಬೆಯ ಅಡಿಯಲ್ಲಿ ಮ್ಯಾಟ್ ಇರುತ್ತದೆ. ಗೊಂಬೆಯನ್ನು ಯಾರೂ ಮರಗಳ ನಡುವೆ ತೂಗುಹಾಕುವುದಿಲ್ಲ.

ಜೋಲಿಯಲ್ಲಿ ಇದರ ಮೇಲೆ ಇನ್ನೆರಡು ಪೆಟ್ಟು ಬೀಳುತ್ತವೆ. ಒಂದು, ಬೆನ್ನಿನ ಕೆಳಗೆ ಗಾಳಿ ಹರಿಯುತ್ತಲೇ ಇರುತ್ತದೆ. ಬಿಸಿ ಚಹಾವನ್ನು ಊದಿದ ಹಾಗೆ ಅದು ಕಾದ ಗಾಳಿಯನ್ನು ಒಯ್ದು ತಣ್ಣಗಿನದನ್ನು ತಂದಿಡುತ್ತದೆ. ನೆಲ ತಣ್ಣಗಿದ್ದರೂ ಬೀಸುವುದಿಲ್ಲ. ಎರಡನೆಯದು, ಹ್ಯಾಮಕ್ ಬಟ್ಟೆ ಭುಜ ಮತ್ತು ತೊಡೆಯ ಪಕ್ಕಗಳನ್ನೂ ಒತ್ತಿ ಹಿಡಿಯುತ್ತದೆ. ಮಟ್ಟಸ ನೆಲದಲ್ಲಿ ಬೆನ್ನಷ್ಟೇ ಒತ್ತಿಕೊಂಡರೆ ಇಲ್ಲಿ ಹೆಚ್ಚುಕಡಿಮೆ ಅರ್ಧ ದೇಹ ಒತ್ತಿಕೊಂಡಿರುತ್ತದೆ. ಹಾಗಾಗಿ ಹ್ಯಾಮಕ್ಕಿಗೆ ಚಳಿಯ ಸಾಮಾನು ಕೊಳ್ಳುವಾಗ ಅಂಗಡಿಯವರು ತೋರಿಸುವ ಕ್ರಮವನ್ನು ತಿರುವಿ ಹಾಕಬೇಕು. ಮೊದಲ ದುಡ್ಡು ಅಡಿಗೆ, ಉಳಿದದ್ದು ಮೇಲಕ್ಕೆ.

ಎಷ್ಟು ಚಳಿ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳೋಣ. ಇಲ್ಲಿ ಹೆಚ್ಚಿನವರು ಎಡವುವುದು ಊರಿನ ಹವಾಮಾನ ನೋಡಿ. ಗಾಳಿಯಲ್ಲಿ ಸಾವಿರ ಮೀಟರ್ ಮೇಲೇರಿದರೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆ್ಯಶ್‌ವಿಲ್ ಎಂಬ, ಪಿಸ್ಗಾ ಕಾಡಿನ ಪಕ್ಕದ ಊರು ಸುಮಾರು 650 ಮೀಟರ್ ಎತ್ತರದಲ್ಲಿದೆ. ಅದರ ಪಕ್ಕದ ಮೌಂಟ್ ಮಿಚೆಲ್ 2,037 ಮೀಟರ್, ಮಿಸಿಸಿಪ್ಪಿ ನದಿಯ ಪೂರ್ವಕ್ಕೆ ಅದಕ್ಕಿಂತ ಎತ್ತರದ ಶಿಖರವಿಲ್ಲ. ಊರಲ್ಲಿ 4 ಡಿಗ್ರಿ ಎಂದು ಫೋನ್ ತೋರಿಸಿದರೆ ಮೇಲೆ ಮೈನಸ್ 5. ಗಾಳಿ ಬೇರೆ. ಅದೇ ಬೆಟ್ಟದ ಮೇಲೆ 1985ರ ಜನವರಿ 21ರಂದು ಮೈನಸ್ 34 ಫ್ಯಾರನ್‌ಹೀಟ್ ದಾಖಲಾಗಿದೆ, ಅಂದರೆ ಮೈನಸ್ 37 ಸೆಲ್ಸಿಯಸ್ ಹತ್ತಿರ. ನಾರ್ತ್ ಕೆರೊಲೈನಾ ರಾಜ್ಯದ ಅತಿ ಕಡಿಮೆ ಉಷ್ಣಾಂಶ ಅದು. ಅಂಥ ರಾತ್ರಿಗೆ ಈ ಲೇಖನ ಸಾಲದು, ಅಂಥ ರಾತ್ರಿ ಮನೆಯಲ್ಲಿರಿ. ಜಾರ್ಜಿಯಾದಿಂದ ಮೇನ್ ತನಕ ಸುಮಾರು 3,500 ಕಿಲೋಮೀಟರ್ ಉದ್ದದ ಅಪಲೇಶಿಯನ್ ಟ್ರೇಲ್ ನಡೆಯುವವರಲ್ಲಿ ಹ್ಯಾಮಕ್ಕಿನವರು ಬೇಕಾದಷ್ಟು. ಅವರು ಮಾರ್ಚಿನಲ್ಲಿ ದಕ್ಷಿಣದಿಂದ ಹೊರಟು ಏಪ್ರಿಲ್ಲಿನಲ್ಲಿ ಗ್ರೇಟ್ ಸ್ಮೋಕಿ ಬೆಟ್ಟಗಳನ್ನು ದಾಟುತ್ತಾರೆ. ಅಲ್ಲಿನ ಕುವೋಹಿ ಶಿಖರ 2,025 ಮೀಟರ್, ಇಡೀ ಟ್ರೇಲಿನ ಅತಿ ಎತ್ತರದ ಜಾಗ. ವಸಂತ ಬಂತೆಂದು ತೆಳು ಕ್ವಿಲ್ಟ್ (ರಜಾಯಿ) ಹೊತ್ತು ಬಂದವರ ಮೇಲೆ ಅಲ್ಲಿ ಏಪ್ರಿಲ್ಲಿನಲ್ಲೂ ಹಿಮ ಸುರಿಯಬಹುದು. ಆ ಬೆಟ್ಟಗಳ ರಾಷ್ಟ್ರೀಯ ಉದ್ಯಾನದಲ್ಲಿ ನಡಿಗೆಯವರು ತಂಗುವ ಶೆಲ್ಟರ್‌ಗಳ ಒಳಗೆ ಹ್ಯಾಮಕ್ ಕಟ್ಟುವುದಕ್ಕೂ ಅಪ್ಪಣೆಯಿಲ್ಲ.

ಕಣಿವೆಯ ತಳ ಬೆಚ್ಚಗಿರುತ್ತದೆ ಎಂದುಕೊಳ್ಳಬೇಡಿ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ತಣ್ಣಗಿನ ಗಾಳಿ ಭಾರವಾಗಿ ನೀರಿನಂತೆ ಇಳಿಜಾರಲ್ಲಿ ಹರಿದು ಹಳ್ಳದ ದಂಡೆಯಲ್ಲಿ ಮಡುಗಟ್ಟುತ್ತದೆ. ಸ್ವಲ್ಪ ಮೇಲಿನ ಇಳಿಜಾರು ಅದಕ್ಕಿಂತ ಬೆಚ್ಚಗಿರುತ್ತದೆ. ನಾರ್ತ್ ಕೆರೊಲೈನಾದ ಟ್ರಯಾನ್ ಸುತ್ತಿನ ಇಳಿಜಾರಿಗೆ ಇದೇ ಕಾರಣಕ್ಕೆ ಥರ್ಮಲ್ ಬೆಲ್ಟ್ ಎಂಬ ಹೆಸರಿದೆ. ಕೆಳಗಿನ ಕಣಿವೆಯಲ್ಲಿ ಇಬ್ಬನಿ ಹೆಪ್ಪುಗಟ್ಟಿದ ದಿನವೂ ಅಲ್ಲಿನ ಹಣ್ಣಿನ ತೋಟಗಳು ಉಳಿಯುತ್ತವಂತೆ. ಟೆಂಟಿನವರಿಗೆ ಮಟ್ಟಸ ಜಾಗ ಬೇಕು, ಅದು ಸಿಗುವುದು ಹಳ್ಳದ ಪಕ್ಕ. ನಮಗೆ ಬೇಕಾದದ್ದು ಎರಡು ಮರ ಮಾತ್ರ. ಇಪ್ಪತ್ತು ಮೂವತ್ತು ಮೀಟರ್ ಮೇಲೆ ಹತ್ತಿ, ಗಾಳಿಗೆ ಬೆನ್ನು ಮಾಡಿದ ಇಳಿಜಾರಲ್ಲಿ ಜೋಲಿ ಕಟ್ಟಿದರೆ ಒಂದು ಪೈಸೆ ಖರ್ಚಿಲ್ಲದೆ ಎರಡು ಮೂರು ಡಿಗ್ರಿ ಗಳಿಸಬಹುದು. ತುತ್ತತುದಿಯ ಬೋಳುಗುಡ್ಡಕ್ಕೆ ಮಾತ್ರ ಹೋಗಬೇಡಿ. ಅಲ್ಲಿ ಗಳಿಸಿದ್ದನ್ನು ಗಾಳಿ ಬಡ್ಡಿ ಸಮೇತ ವಸೂಲು ಮಾಡುತ್ತದೆ.

ಆ ಕಾಡಿನಲ್ಲೇ ಒಂದು ಥರ್ಮಾಮೀಟರ್ ಬೆಳೆದಿರುತ್ತದೆ. ಅಲ್ಲಿನ ರೋಡೊಡೆಂಡ್ರನ್ ಪೊದೆಗಳ ಅಗಲವಾದ ಎಲೆಗಳು ಚಳಿ ಸೊನ್ನೆಗಿಂತ ಕೆಳಗಿಳಿದಂತೆ ಜೋತುಬಿದ್ದು, ವೀಳ್ಯದೆಲೆ ಸುತ್ತಿದಂತೆ ಸುರುಳಿಯಾಗುತ್ತವೆ. ಚಳಿ ಹೆಚ್ಚಿದಷ್ಟೂ ಸುರುಳಿ ಬಿಗಿ. ಬೆಳಿಗ್ಗೆ ಕಣ್ಣು ಬಿಟ್ಟಾಗ ಅವು ಸಿಗಾರಿನಂತೆ ಸುತ್ತಿಕೊಂಡಿದ್ದು ಕಂಡರೆ, ಚಹಾಕ್ಕೆ ಏಳುವ ಮುಂಚೆ ಇನ್ನೊಂದು ಸ್ವೆಟರ್ ಹುಡುಕಿ.

ಈಗ ಲೆಕ್ಕ. ನಿದ್ದೆಯಲ್ಲಿರುವ ಮನುಷ್ಯ ಸುಮಾರು 75 ವ್ಯಾಟ್ ಬಿಸಿ ಹುಟ್ಟಿಸುತ್ತಾನೆ, ಹಳೇ ಕಾಲದ ಒಂದು ಬುರುಡೆ ಬಲ್ಬಿನಷ್ಟು. ಅದರಲ್ಲಿ ಒಂದು ಪಾಲು ಉಸಿರಿನಲ್ಲಿ ಮತ್ತು ಚರ್ಮದ ತೇವದಲ್ಲಿ ಹೋಗುತ್ತದೆ. ಹೊದಿಕೆಯ ಮೂಲಕ ಹೊರಗೆ ಹೋಗಲು ಉಳಿದದ್ದು 60 ವ್ಯಾಟ್ ಎಂದಿಟ್ಟುಕೊಳ್ಳಿ. ಮೈಯ ವಿಸ್ತೀರ್ಣ 1.8 ಚದರ ಮೀಟರ್, ಚರ್ಮ 33 ಡಿಗ್ರಿ. ಹೊರಗೆ 10 ಡಿಗ್ರಿ ಇದ್ದರೆ 23 ಡಿಗ್ರಿಯ ಅಂತರ, ಮೈನಸ್ 5 ಇದ್ದರೆ 38 ಡಿಗ್ರಿಯ ಅಂತರ. ಸೋರುವ ಬಿಸಿ ಈ 60 ವ್ಯಾಟನ್ನು ಮೀರಬಾರದು, ಮೀರಿದರೆ ಮೈ ನಡುಗಿ ಹೆಚ್ಚುವರಿ ಬಿಸಿ ಹುಟ್ಟಿಸಬೇಕಾಗುತ್ತದೆ. ನಡುಗುತ್ತಾ ಯಾರೂ ನಿದ್ದೆ ಮಾಡುವುದಿಲ್ಲ. ಬಿಸಿ ತಡೆಯುವ ಶಕ್ತಿಯನ್ನು ಮ್ಯಾಟ್ ಮಾರುವವರು ಆರ್ ವ್ಯಾಲ್ಯೂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅದರಲ್ಲಿ ಈ ಲೆಕ್ಕ ಬಿಡಿಸಿದರೆ 10 ಡಿಗ್ರಿಯ ರಾತ್ರಿಗೆ ಮೈಸುತ್ತ ಸುಮಾರು 4, ಮೈನಸ್ 5ರ ರಾತ್ರಿಗೆ ಸುಮಾರು ಆರೂವರೆ ಬೇಕು. ಇದರಲ್ಲಿ ಒಂದು ಒಂದೂವರೆಯಷ್ಟನ್ನು ತೊಟ್ಟ ಬಟ್ಟೆ ಕೊಡುತ್ತದೆ ಅಂದುಕೊಳ್ಳಿ. ಮಿಕ್ಕದ್ದು ಮೇಲೂ ಬೇಕು, ಕೆಳಗೂ ಬೇಕು. ಮೇಲೆ ಹತ್ತು ಇದ್ದು ಕೆಳಗೆ ಒಂದಿದ್ದರೆ ಸರಾಸರಿ ಚೆನ್ನಾಗಿದೆ ಎಂದು ಬೆನ್ನು ಸಮಾಧಾನ ಪಡುವುದಿಲ್ಲ. ತಳ ತೂತಾದ ಕೊಡದ ಬಾಯಿಗೆ ಎಂಥ ಮುಚ್ಚಳ ಇದ್ದರೇನು?

ಅಡಿಗೆ ಹಾಕಲು ಮುಖ್ಯವಾಗಿ ಎರಡು ದಾರಿ. ಅಗ್ಗದ್ದು ಫೋಮ್ ಮ್ಯಾಟ್, ಮಡಚುವ ಅಥವಾ ಸುತ್ತುವ ದಟ್ಟ ಫೋಮು. ಅದರೊಳಗಿನ ಗಾಳಿಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ಭಾರಕ್ಕೆ ಚಪ್ಪಟೆಯಾಗುವುದಿಲ್ಲ. ಸಾಮಾನ್ಯ ಫೋಮ್ ಮ್ಯಾಟಿನ ಆರ್ ವ್ಯಾಲ್ಯೂ 2ರ ಆಸುಪಾಸು. ಚಳಿಗಾಲಕ್ಕೆಂದು ಮಾಡಿದ ಗಾಳಿ ತುಂಬುವ ಮ್ಯಾಟುಗಳಲ್ಲಿ 4ರಿಂದ 7ರ ತನಕ ಸಿಗುತ್ತವೆ. ಒಂದರ ಮೇಲೊಂದು ಹಾಕಿದರೆ ಅಂಕಿಗಳನ್ನು ಕೂಡಿಸಬಹುದು, ಎರಡು ಫೋಮಿಗೆ 4. ಈಗ ಹೆಸರುವಾಸಿ ಕಂಪನಿಗಳು ಎಎಸ್‌ಟಿಎಂ ಎಫ್3340 ಎಂಬ ಒಂದೇ ಪರೀಕ್ಷೆಯ ಪ್ರಕಾರ ಅಳೆಯುವುದರಿಂದ ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದು.

ಅಂಕಿ ಚೆನ್ನಾಗಿದೆ, ಆದರೆ ಮ್ಯಾಟ್ ಹುಟ್ಟಿದ್ದು ನೆಲಕ್ಕೆ. ಅದರ ಅಗಲ ಸುಮಾರು 50 ಸೆಂಟಿಮೀಟರ್. ಜೋಲಿಯಲ್ಲಿ ಬಟ್ಟೆ ಮೇಲೆದ್ದು ಭುಜವನ್ನು ಅಪ್ಪುತ್ತದೆ, ಆ ಭುಜದ ಹೊರಗೆ ಮ್ಯಾಟ್ ಇರುವುದಿಲ್ಲ. ಬೆನ್ನು ಬೆಚ್ಚಗೆ, ಭುಜ ಮಂಜುಗಡ್ಡೆ. ನಡುರಾತ್ರಿ ಮ್ಯಾಟ್ ಜಾರಿ ಕಾಲ ಕಡೆ ಹೋಗುವುದು, ಅದರ ಮೇಲೆ ಬೆವರು ಕೂತು ಶರ್ಟ್ ಒದ್ದೆಯಾಗುವುದು ಬೇರೆ. ಎರಡು ಪದರದ ಹ್ಯಾಮಕ್ ಇದ್ದರೆ ಮ್ಯಾಟನ್ನು ಪದರಗಳ ನಡುವೆ ತೂರಿಸಿ, ಅರ್ಧ ಜಾರಾಟ ನಿಲ್ಲುತ್ತದೆ. ಭುಜದ ಜಾಗಕ್ಕೆ ಅಡ್ಡಲಾಗಿ ಇನ್ನೊಂದು ಫೋಮ್ ತುಂಡು ಇಟ್ಟರೆ ಅಲ್ಲಿನ ಚಳಿಯೂ ಕಡಿಮೆ. ಗಾಳಿ ಮ್ಯಾಟನ್ನು ಪೂರ್ತಿ ಊದಬೇಡಿ, ಮುಕ್ಕಾಲು ಊದಿದರೆ ಮೈಗೆ ಬಾಗುತ್ತದೆ. ಇಷ್ಟೆಲ್ಲ ಸರ್ಕಸ್ ಮಾಡಿದರೂ ವರ್ಷಕ್ಕೊಂದು ಎರಡು ಸಲ ಹೋಗುವವರಿಗೆ, ಸೊನ್ನೆಯ ಮೇಲಿನ ರಾತ್ರಿಗಳಿಗೆ, ಮ್ಯಾಟ್ ಸಾಕು ಎಂಬುದೇ ನನ್ನ ಅಭಿಪ್ರಾಯ. ಅಂಡರ್‌ಕ್ವಿಲ್ಟ್ ಇಲ್ಲದವರನ್ನು ಕನಿಕರದಿಂದ ನೋಡುವ ಒಂದು ಪಂಗಡ ಇದೆ. ಅವರ ಮಾತಿಗೆ ಕಿವಿಗೊಡಬೇಡಿ.

ಎರಡನೆಯ ದಾರಿ ಅಂಡರ್‌ಕ್ವಿಲ್ಟ್, ಎಂದರೆ ಹ್ಯಾಮಕ್ಕಿನ ಹೊಟ್ಟೆಯ ಕೆಳಗೆ, ಹೊರಗಡೆಯಿಂದ ತೂಗುಹಾಕುವ ರಜಾಯಿ. ಮನೆಯಲ್ಲಿ ನಾವದನ್ನು ಕೆಳಗೌದಿ ಎನ್ನುತ್ತೇವೆ. ಹೊರಗಿರುವುದರಿಂದ ಮೈಭಾರ ಅದರ ಮೇಲೆ ಬೀಳುವುದಿಲ್ಲ, ತುಪ್ಪುಳ ಉಬ್ಬಿಕೊಂಡೇ ಇರುತ್ತದೆ, ಭುಜದಿಂದ ಭುಜಕ್ಕೆ ತೊಟ್ಟಿಲಿನಂತೆ ಸುತ್ತುತ್ತದೆ. ಇಡೀ ಸಮಸ್ಯೆಗೆ ಇಷ್ಟು ನೇರವಾದ ಉತ್ತರ ಬೇರೆ ಇಲ್ಲ. ಇವುಗಳಿಗೆ ಸ್ಲೀಪಿಂಗ್ ಬ್ಯಾಗಿನಂತೆ ಗೊಂಬೆಯ ಪರೀಕ್ಷೆ ಇಲ್ಲ, ಅಂಕಿ ಹೊಲಿದವರ ಅಂದಾಜು. ಆದ್ದರಿಂದ ನಾನು ನೋಡುವುದು ಅಂಕಿಯನ್ನಲ್ಲ, ದಪ್ಪವನ್ನು. ಡೌನ್ (ತುಪ್ಪುಳ) ಅಂಡರ್‌ಕ್ವಿಲ್ಟ್ ಉಬ್ಬಿ ನಿಂತಾಗ ಸುಮಾರು 4 ಸೆಂಟಿಮೀಟರ್ ಇದ್ದರೆ 4 ಡಿಗ್ರಿಯ ರಾತ್ರಿಗೆ, ಆರರಿಂದ ಆರೂವರೆ ಇದ್ದರೆ ಮೈನಸ್ 7ಕ್ಕೆ, 9ರ ಹತ್ತಿರ ಇದ್ದರೆ ಮೈನಸ್ 18ಕ್ಕೆ. ಅಮೆರಿಕದ ಲೇಬಲ್ಲುಗಳಲ್ಲಿ ಇವೇ ಮೂರು 40, 20, 0 ಫ್ಯಾರನ್‌ಹೀಟ್ ಎಂದು ಬರುತ್ತವೆ. ಸೊನ್ನೆ ಎಂಬುದನ್ನು ನೋಡಿ ನೀರು ಹೆಪ್ಪುಗಟ್ಟುವ ಸೊನ್ನೆ ಎಂದು ತಿಳಿದು ಬೇಡದ ಭಾರ ಕೊಂಡು ತಂದ ಗೆಳೆಯನೊಬ್ಬನಿದ್ದಾನೆ. ಅವನು ಅದರಲ್ಲಿ ಜೂನ್ ತಿಂಗಳಲ್ಲಿ ಬೆಂದ ಕಥೆ ಇನ್ನೊಮ್ಮೆ.

ಉದ್ದದ ವಿಷಯ. ಪೂರ್ತಿ ಉದ್ದದ್ದು ತಲೆಯಿಂದ ಪಾದದವರೆಗೆ, ಮುಕ್ಕಾಲು ಉದ್ದದ್ದು ಭುಜದಿಂದ ಮೊಣಕಾಲಿನ ಕೆಳಗಿನವರೆಗೆ. ಮುಕ್ಕಾಲಿನದರಲ್ಲಿ ನೂರಿನ್ನೂರು ಗ್ರಾಂ ಉಳಿಯುತ್ತದೆ, ಪಾದದಡಿಗೆ ಫೋಮ್ ತುಂಡು ಇಡಬೇಕು. ಬೆನ್ನ ಮೇಲೆ ಹೊತ್ತು ವಾರಗಟ್ಟಲೆ ನಡೆಯುವವರು ಅದನ್ನು ಇಷ್ಟಪಡುತ್ತಾರೆ. ಮೊದಲ ಸಲ ಕೊಳ್ಳುವವರು ಪೂರ್ತಿ ಉದ್ದದ್ದನ್ನೇ ಕೊಳ್ಳಿ. ಕಾರಣ ಮುಂದೆ ಬರುತ್ತದೆ.

ಇನ್ನೂರು ಮುನ್ನೂರು ಡಾಲರ್ ಕೊಟ್ಟು ತಂದ ಕೆಳಗೌದಿಯಲ್ಲೂ ಚಳಿಯಿಂದ ನಡುಗಿದವರನ್ನು ನೋಡಿದ್ದೇನೆ. ನೂರಕ್ಕೆ ತೊಂಬತ್ತು ಸಲ ತಪ್ಪು ಕ್ವಿಲ್ಟಿನಲ್ಲಿ ಇರುವುದಿಲ್ಲ, ಕಟ್ಟಿದ ರೀತಿಯಲ್ಲಿ ಇರುತ್ತದೆ. ಹ್ಯಾಮಕ್ಕಿಗೂ ಕ್ವಿಲ್ಟಿಗೂ ನಡುವೆ ಎರಡು ಬೆರಳಿನಷ್ಟು ಸಂದು ಉಳಿದರೆ ಸಾಕು. ಅಲ್ಲಿ ತಣ್ಣಗಾಳಿ ನುಗ್ಗಿ, ನಿಮ್ಮ ಬೆನ್ನು ಕಾಯಿಸಿದ ಗಾಳಿಯನ್ನು ತುದಿಯಿಂದ ಹೊರಗೆ ತಳ್ಳುತ್ತದೆ. ಹಾಗೆಂದು ಎಲಾಸ್ಟಿಕ್ ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಕ್ವಿಲ್ಟ್ ಬೆನ್ನಿಗೆ ಒತ್ತಿಕೊಂಡು ತುಪ್ಪುಳ ಚಪ್ಪಟೆ, ಮತ್ತೆ ಅದೇ ಕಥೆ. ಮುಟ್ಟಬೇಕು, ಒತ್ತಬಾರದು. ಮಗುವಿಗೆ ಕುಲಾವಿ ಕಟ್ಟುವ ಹದ.

ಹದ ಗೊತ್ತಾಗುವುದು ಹೀಗೆ. ಮೊದಲು ಹ್ಯಾಮಕ್ಕನ್ನೇ ಸರಿಯಾಗಿ ಕಟ್ಟಿ. ಮರದಿಂದ ಬರುವ ಪಟ್ಟಿ ಮಟ್ಟರೇಖೆಯಿಂದ ಸುಮಾರು 30 ಡಿಗ್ರಿ ಇಳಿಯಲಿ, ಜೋಲಿ ಜೋಲಿಯಂತೆಯೇ ಜೋತಿರಲಿ. ಅದರಲ್ಲಿ ನೇರವಾಗಿ ಮಲಗದೆ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದರೆ ಬೆನ್ನು ಮಟ್ಟಸವಾಗುತ್ತದೆ. ಆಮೇಲೆ ಕ್ವಿಲ್ಟಿನ ಎರಡೂ ತುದಿಯ ಹಗ್ಗಗಳನ್ನು ಹ್ಯಾಮಕ್ಕಿನ ತುದಿಗಳಿಗೆ ಸಿಕ್ಕಿಸಿ, ಒಳಗೆ ಹತ್ತಿ ಮಲಗಿ. ಜೊತೆಯವರು ಕೆಳಗಿನಿಂದ ಕೈಯಾಡಿಸಿ ನೋಡಲಿ, ಸೊಂಟದ ಹತ್ತಿರ ಎಲ್ಲಾದರೂ ಸಡಿಲವಾಗಿ ಜೋತಿದೆಯೇ ಎಂದು. ಒಬ್ಬರೇ ಇದ್ದರೆ ಹೊರಗೆ ಕೈಚಾಚಿ ಕ್ವಿಲ್ಟಿನ ಅಂಚನ್ನು ಮೇಲೆಳೆದು ಬಿಡಿ. ಎಳೆದಾಗ ಬೆನ್ನಿಗೆ ತಟ್ಟನೆ ಬೆಚ್ಚಗಾದರೆ ಸಂದಿದೆ ಎಂದರ್ಥ, ಹಗ್ಗ ಒಂದಿಷ್ಟು ಗಿಡ್ಡ ಮಾಡಬೇಕು. ಕೊನೆಗೆ ತಲೆ ಮತ್ತು ಕಾಲ ತುದಿಯ ಲಾಡಿಗಳನ್ನು ಜಗ್ಗಿ, ಬಟ್ಟೆ ಹ್ಯಾಮಕ್ಕಿಗೆ ಅಂಟಿಕೊಳ್ಳುವಂತೆ ಮುಚ್ಚಿ. ಜಾಸ್ತಿ ಜಗ್ಗಿದರೆ ತುದಿ ಮುಚ್ಚಿಕೊಂಡು ನಡು ಕೆಳಕ್ಕೆ ಜೋಲುತ್ತದೆ.

ಓರೆಯಾಗಿ ಮಲಗುವುದರಲ್ಲಿ ಇನ್ನೊಂದು ತೊಡಕಿದೆ. ಕ್ವಿಲ್ಟ್ ನೇರವಾಗಿ ತೂಗುತ್ತಿರುತ್ತದೆ, ನೀವು ಓರೆ. ಪಾದ ಒಂದು ಬದಿಗೆ, ತಲೆ ಇನ್ನೊಂದು ಬದಿಗೆ ಅಂಚಿನಿಂದ ಹೊರಗೆ ಹೋಗುತ್ತವೆ. ಕ್ವಿಲ್ಟಿನ ಕಾಲತುದಿಯನ್ನು ಪಾದ ಇರುವ ಕಡೆಗೆ ಒಂದಿಷ್ಟು ತಿರುಗಿಸಿ ಬಿಡಬೇಕು. ಮುಕ್ಕಾಲು ಉದ್ದದ್ದರಲ್ಲಿ ಭುಜ, ಸೊಂಟ, ಮೊಣಕಾಲು ಮೂರೂ ಅಷ್ಟೇ ಜಾಗದಲ್ಲಿ ಕರಾರುವಾಕ್ಕಾಗಿ ಕೂರಬೇಕು, ಅದಕ್ಕೇ ಹೊಸಬರಿಗೆ ಬೇಡ ಎಂದದ್ದು. ಪೂರ್ತಿ ಉದ್ದದ್ದು ಇಂಥ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಕೊಳ್ಳುವಾಗ ಇನ್ನೊಂದು ಕೇಳಿ. ಒಳಬಟ್ಟೆಗಿಂತ ಹೊರಬಟ್ಟೆಯನ್ನು ಅಗಲವಾಗಿ ಕತ್ತರಿಸಿ ಹೊಲಿದಿದ್ದಾರೆಯೇ? ಬಟ್ಟಲಿನಂತೆ ಬಾಗಿದಾಗ ಹೊರಮೈಗೆ ಹೆಚ್ಚು ಬಟ್ಟೆ ಬೇಕಲ್ಲ. ಎರಡೂ ಸಮ ಇದ್ದರೆ ಹೊರಬಟ್ಟೆ ಬಿಗಿದುಕೊಂಡು ತುಪ್ಪುಳವನ್ನು ಅದುಮುತ್ತದೆ.

ಡೌನೋ ಸಿಂಥೆಟಿಕ್ಕೋ ಎಂಬ ಜಗಳ ಬೇಗ ಮುಗಿಸಬಹುದು. ಡೌನಿನ ಗುಣಮಟ್ಟವನ್ನು ಫಿಲ್ ಪವರ್ ಎಂದು ಹೇಳುತ್ತಾರೆ. 800 ಎಂದರೆ ಒಂದು ಔನ್ಸ್, ಅಂದರೆ 28 ಗ್ರಾಂ ತುಪ್ಪುಳ ಉಬ್ಬಿ 800 ಘನ ಇಂಚು ತುಂಬುತ್ತದೆ, ಸುಮಾರು 13 ಲೀಟರ್. ಒಂದು ದೊಡ್ಡ ಕೊಡದಷ್ಟು ಜಾಗಕ್ಕೆ ಒಂದು ಹಿಡಿ ಪುಕ್ಕ! ಅಷ್ಟು ಹಗುರವಾಗಿ ಅಷ್ಟು ಬಿಸಿ ಹಿಡಿಯುವ ಇನ್ನೊಂದು ವಸ್ತು ಅಂಗಡಿಯಲ್ಲಿಲ್ಲ. ಒದ್ದೆಯಾದರೆ ಮಾತ್ರ ಮುದ್ದೆಯಾಗಿ ಕೂರುತ್ತದೆ, ಒಣಗಲು ದಿನ ಬೇಕು. ಸಿಂಥೆಟಿಕ್ ಅದೇ ಬಿಸಿಗೆ ಸುಮಾರು ಒಂದೂವರೆಯಿಂದ ಎರಡು ಪಟ್ಟು ತೂಗುತ್ತದೆ, ಮಡಚಿದರೂ ಮೂಟೆ, ಆದರೆ ತೇವದಲ್ಲಿ ಕೈಬಿಡುವುದಿಲ್ಲ, ಬೆಲೆಯೂ ಕಡಿಮೆ. ಕೆಳಗೌದಿ ಟಾರ್ಪಿನ (ಜೋಲಿಯ ಮೇಲೆ ಕಟ್ಟುವ ಮಳೆತಡೆ ಬಟ್ಟೆಯ) ಅಡಿಯಲ್ಲಿ ನಡುಮಧ್ಯೆ ನೇತಾಡುವುದರಿಂದ ನೆಲದ ನೀರು ಅದಕ್ಕೆ ತಾಗುವುದಿಲ್ಲ, ಹಾಗಾಗಿ ಕೆಳಗೆ ಡೌನ್ ಹಾಕಲು ನನಗೆ ಹೆದರಿಕೆಯಿಲ್ಲ. ದುಡ್ಡು ಬಿಗಿಯಿದ್ದು ಕಾರಿನ ಹತ್ತಿರವೇ ಮಲಗುವುದಾದರೆ ಸಿಂಥೆಟಿಕ್ ಕೊಳ್ಳಿ, ತೂಕ ಕಾರು ಹೊರುತ್ತದೆ. ಹತ್ತು ಡಿಗ್ರಿಯ ಮೇಲಿನ ರಾತ್ರಿಗಳಿಗೆ ಅಮೆರಿಕದ ಸೈನ್ಯದ ಹಳೇ ಪಾಂಚೋ ಲೈನರ್ ಎಂಬ ತೆಳು ರಜಾಯಿಯನ್ನೇ ಕೆಳಗೆ ಕಟ್ಟಿಕೊಳ್ಳುವ ಬುದ್ಧಿವಂತರಿದ್ದಾರೆ. ಊರಿಂದ ತಂದ ಕಂಬಳಿಯನ್ನು ನಾನೂ ಹಾಗೆ ಕಟ್ಟಿ ನೋಡಿದೆ. ಬೆಚ್ಚಗೇನೋ ಇತ್ತು, ಅದರ ಭಾರಕ್ಕೆ ಎಲಾಸ್ಟಿಕ್ ಜೋತುಬಿದ್ದು ಬೆಳಗಿನ ಹೊತ್ತಿಗೆ ಕಂಬಳಿ ನೆಲ ಗುಡಿಸುತ್ತಿತ್ತು.

ಮೇಲಿನ ಹೊದಿಕೆ ಸುಲಭ. ಬೆನ್ನ ಕಡೆಯ ತುಪ್ಪುಳ ಹೇಗೂ ಚಪ್ಪಟೆಯಾಗುತ್ತದೆ ಎಂದಮೇಲೆ ಆ ಭಾಗವನ್ನೇ ತೆಗೆದುಹಾಕಿದರೆ ಅದು ಟಾಪ್‌ಕ್ವಿಲ್ಟ್. ಕಾಲ ಕಡೆ ಚೀಲದಂತೆ, ಮೇಲೆ ಬಿಚ್ಚಿದ ರಜಾಯಿ. ಹ್ಯಾಮಕ್ಕಿನೊಳಗೆ ಬ್ಯಾಗಿನ ಜಿಪ್ಪಿನೊಂದಿಗೆ ಕುಸ್ತಿ ಆಡುವುದು ತಪ್ಪುತ್ತದೆ. ಈಗಾಗಲೇ ಸ್ಲೀಪಿಂಗ್ ಬ್ಯಾಗ್ ಇದ್ದರೆ ಹೊಸದು ಬೇಡ, ಜಿಪ್ ಬಿಚ್ಚಿ ಹೊದ್ದುಕೊಳ್ಳಿ. ಕ್ವಿಲ್ಟಿಗೆ ಕುಂಚಿಗೆ ಇರುವುದಿಲ್ಲವಾದ್ದರಿಂದ ಉಣ್ಣೆಯ ಟೋಪಿ ಮರೆಯಬೇಡಿ. ಮೂಗನ್ನು ಒಳಗೆ ಎಳೆದುಕೊಂಡು ಮಲಗಬೇಡಿ, ಉಸಿರಿನ ತೇವ ಬೆಳಗಿನ ತನಕ ತುಪ್ಪುಳದಲ್ಲಿ ಕೂರುತ್ತದೆ.

ಬ್ಯಾಗಿನ ಲೇಬಲ್ ಓದುವಾಗ ಎರಡು ಅಂಕಿ ಇರುತ್ತವೆ, ಕಂಫರ್ಟ್ ಮತ್ತು ಲಿಮಿಟ್. ಮೊದಲನೆಯದು ಸಾಮಾನ್ಯ ಹೆಂಗಸು ಆರಾಮವಾಗಿ ಮಲಗಬಲ್ಲ ಉಷ್ಣಾಂಶ, ಎರಡನೆಯದು ಸಾಮಾನ್ಯ ಗಂಡಸು ಮುದುಡಿಕೊಂಡು ರಾತ್ರಿ ಕಳೆಯಬಲ್ಲದ್ದು. ಎರಡರ ನಡುವೆ ಐದಾರು ಡಿಗ್ರಿಯ ಅಂತರ. ಕೆಲವು ಬ್ಯಾಗಿನ ಹೆಸರಿನಲ್ಲಿ ದೊಡ್ಡದಾಗಿ ಬರೆದಿರುವುದು ಎರಡನೆಯದನ್ನು. ಎಕ್ಸ್‌ಟ್ರೀಮ್ ಎಂಬ ಮೂರನೆಯದೂ ಕೆಲವೆಡೆ ಇರುತ್ತದೆ, ಅದು ಜೀವ ಉಳಿಯುವ ಲೆಕ್ಕ, ನಿದ್ದೆಯದ್ದಲ್ಲ. ನೀವು ಗಂಡಸಾದರೂ ಹೆಂಗಸಾದರೂ ಕಂಫರ್ಟ್ ಅಂಕಿಯನ್ನೇ ನೋಡಿ. ಅಂಡರ್‌ಕ್ವಿಲ್ಟ್ ವಿಷಯದಲ್ಲಿ ನಾನು ನಿರೀಕ್ಷಿಸುವ ಚಳಿಗಿಂತ ಆರೇಳು ಡಿಗ್ರಿ ಕೆಳಗಿನದನ್ನು ಆರಿಸುತ್ತೇನೆ. ಮೇಲೆ ಅಷ್ಟು ಕಟ್ಟುನಿಟ್ಟು ಬೇಡ, ಜಾಕೆಟ್ ಹಾಕಿಕೊಂಡು ಸರಿದೂಗಿಸಬಹುದು. ಬೆನ್ನಿಗೆ ಜಾಕೆಟ್ ಹಾಕಿ ಉಪಯೋಗವಿಲ್ಲ, ಅದೂ ಚಪ್ಪಟೆ.

ಇಷ್ಟಾದ ಮೇಲೂ ಗಾಳಿಯನ್ನು ಬಿಟ್ಟರೆ ಎಲ್ಲ ವ್ಯರ್ಥ. ಟಾರ್ಪ್ ಎಂದರೆ ನಮ್ಮ ತಾಡಪತ್ರಿಯ ಹಗುರ ತಮ್ಮ. ಮಳೆಗಾಲದಲ್ಲಿ ಎತ್ತರ ಕಟ್ಟಿದರೂ ನಡೆಯುತ್ತದೆ, ಚಳಿಯಲ್ಲಿ ಅಂಚು ನೆಲಕ್ಕೆ ತಾಗುವಷ್ಟು ಕೆಳಗೆ ಕಟ್ಟಿ. ಗಾಳಿ ಬರುವ ಕಡೆ ಜೋಲಿಯ ಪಕ್ಕ ಬರಲಿ, ತುದಿಯಲ್ಲ. ಎರಡೂ ತುದಿಗೆ ಬಾಗಿಲಿನಂಥ ಮಡಿಕೆ ಇರುವ ಟಾರ್ಪುಗಳು ಸಿಗುತ್ತವೆ, ಚಳಿಗಾಲಕ್ಕೆ ಅವೇ ಸರಿ. ನಿರಭ್ರ ಆಕಾಶದ ಕೆಳಗೆ ಮೈ ಬಿಸಿಯನ್ನು ನೇರವಾಗಿ ಆಕಾಶಕ್ಕೆ ಸೂಸುತ್ತಿರುತ್ತದೆ, ಟಾರ್ಪ್ ಅದನ್ನೂ ತಡೆಯುತ್ತದೆ. ಹಾಗಾಗಿ ನಕ್ಷತ್ರ ನೋಡಬೇಕೆನ್ನುವವರು ನೋಡಿ ಮುಗಿಸಿ ಟಾರ್ಪ್ ಎಳೆದುಕೊಳ್ಳಲಿ. ಕೆಳಗೌದಿಯ ಹೊರಗೆ ಒಂದು ತೆಳು ಗಾಳಿತಡೆ ಬಟ್ಟೆ ತೂಗುಹಾಕಿದರೂ ಬಹಳ ಫರಕು ಗೊತ್ತಾಗುತ್ತದೆ.

ಹೊದಿಕೆ ಬಿಸಿ ಹುಟ್ಟಿಸುವುದಿಲ್ಲ, ಇರುವುದನ್ನು ಉಳಿಸುತ್ತದೆ. ಥಂಡಿ ಹಿಡಿದು ಒಳಗೆ ಹೋದರೆ ಥಂಡಿಯೇ ಉಳಿಯುತ್ತದೆ. ಮಲಗುವ ಮುನ್ನ ಹತ್ತು ನಿಮಿಷ ಚುರುಕಾಗಿ ಅಡ್ಡಾಡಿ, ಒಣ ಕಾಲುಚೀಲ ಹಾಕಿಕೊಳ್ಳಿ, ಮೂತ್ರಕ್ಕೆ ಹೋಗಿಬನ್ನಿ. ಕೊಬ್ಬಿನಂಶ ಇರುವ ಏನಾದರೂ ತಿಂದು ಮಲಗಿದರೆ ಒಳಗಿನ ಒಲೆ ನಿಧಾನಕ್ಕೆ ಉರಿಯುತ್ತಿರುತ್ತದೆ, ಎರಡು ಶೇಂಗಾ ಉಂಡಿ ನನ್ನ ಪದ್ಧತಿ. ಆದರೆ ಅದನ್ನು ಜೋಲಿಯೊಳಗೆ ಒಯ್ಯಬೇಡಿ. ಪಿಸ್ಗಾದಲ್ಲಿ ಕರಡಿಗಳಿವೆ, ಅವಕ್ಕೂ ಶೇಂಗಾ ಉಂಡಿ ಇಷ್ಟವಾದೀತು. ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಎರಡು ಸಲ ಬಿಗಿದು, ಕಾಲುಚೀಲದೊಳಗೆ ಹಾಕಿ ತೊಡೆಗಳ ನಡುವೆ ಇಟ್ಟುಕೊಂಡರೆ ಬೆಳಗಿನ ಜಾವದವರೆಗೂ ಉಗುರುಬೆಚ್ಚಗಿರುತ್ತದೆ. ಅದು ನಮ್ಮ ಅಗ್ಗಿಷ್ಟಿಕೆ. ಟಾರ್ಪಿನೊಳಗೆ ನಿಜವಾದ ಕೆಂಡ ಇಡುವ ಯೋಚನೆ ಮಾತ್ರ ಮಾಡಬೇಡಿ. ನೈಲಾನಿಗೆ ಒಂದು ಕಿಡಿ ಸಾಕು, ಸುತ್ತ ಮುಚ್ಚಿಕೊಂಡಲ್ಲಿ ಕೆಂಡದ ವಿಷಗಾಳಿ ಜೀವ ತೆಗೆಯುತ್ತದೆ.

ಹೊಸ ಸಾಮಾನನ್ನು ಮೊದಲು ಮನೆಯ ಹಿತ್ತಲಲ್ಲೋ ಕಾರು ಹತ್ತಿರವಿರುವ ಕ್ಯಾಂಪಿನಲ್ಲೋ ಪರೀಕ್ಷಿಸಿ, ಒಂದೊಂದು ರಾತ್ರಿಗೂ ಎಷ್ಟು ಡಿಗ್ರಿ, ಏನು ಹಾಕಿಕೊಂಡಿದ್ದೆ, ಎಲ್ಲಿ ಚಳಿಯಾಯಿತು ಎಂದು ಬರೆದಿಡಿ. ಐದಾರು ರಾತ್ರಿಯಲ್ಲಿ ನಿಮ್ಮ ಮೈಗೆ ತಕ್ಕ ಲೇಬಲ್ ನೀವೇ ಬರೆದುಕೊಂಡಂತಾಗುತ್ತದೆ. ಬೆಟ್ಟಕ್ಕೆ ಹೋಗುವಾಗ ಕೆಳಗೌದಿ ಇದ್ದರೂ ನಾನು ಒಂದು ಫೋಮ್ ಮ್ಯಾಟ್ ಚೀಲಕ್ಕೆ ಕಟ್ಟಿಕೊಂಡೇ ಹೋಗುತ್ತೇನೆ. ಕೂರಲು ಆಗುತ್ತದೆ, ಹೆಚ್ಚು ಚಳಿಯಾದರೆ ಜೋಲಿಯೊಳಗೆ ತೂರಿಸಲು ಆಗುತ್ತದೆ. ಕಳೆದ ಫೆಬ್ರವರಿಯಲ್ಲಿ ಎಲಾಸ್ಟಿಕ್ ಹಗ್ಗ ನಡುರಾತ್ರಿ ಕಿತ್ತುಹೋಯಿತು. ಟಾರ್ಪಿನ ಕೆಳಗೆ ತರಗೆಲೆ ರಾಶಿ ಮಾಡಿ, ಅದರ ಮೇಲೆ ಮ್ಯಾಟ್ ಹಾಸಿ, ಎರಡೂ ಕ್ವಿಲ್ಟ್ ಹೊದ್ದು ನೆಲದ ಮೇಲೆ ಮಲಗಿದೆ. ಬೆಳಿಗ್ಗೆ ಎದ್ದಾಗ ರೋಡೊಡೆಂಡ್ರನ್ ಎಲೆಗಳೆಲ್ಲ ಪೆನ್ಸಿಲ್ಲಿನಷ್ಟು ಸಣ್ಣಗೆ ಸುತ್ತಿಕೊಂಡಿದ್ದವು. ನನಗೆ ಕಾಲಿನ ಹೆಬ್ಬೆರಳು ಮಾತ್ರ ತಣ್ಣಗಾಗಿತ್ತು.